ಎಲ್ಡ್ ಮಸಾಲೆ, ಒಂದ್ ಖಾಲಿ

ಚಿನ್ನಕ್ಕನಿಗೆ ಆಗ ಮೂರು ವರ್ಷ. ಜನನ ಪತ್ರದಲ್ಲಿ ಚಿನ್ಮಯಿ ಎಂದು ಬರೆಸಿದ್ದರೂ ಅಜ್ಜಿ ಬೋರಕ್ಕ ಮೊದಲ ದಿನದಿಂದಲೇ ತನ್ನ ಅತ್ತೆಯ ಹೆಸರು ಹಿಡಿದು ಚಿನ್ನಕ್ಕ ಎಂದು ಕರೆದಳು, ಅದೇ ನಿಂತಿತು. ಆ ಅತ್ತೆ ತಳಕಿನ ಕಡೆಯ ದಿಬ್ಬಗಳಲ್ಲಿ ಕುರಿ ಕಾಯುತ್ತಿದ್ದವಳು. ಒಂದು ದಿಬ್ಬದ ಮೇಲೆ ನಿಂತು ಕೂಗಿದರೆ ಆಚೆ ದಿಬ್ಬದ ಕುರಿಗಳು ಮೇವು ಬಿಟ್ಟು ತಲೆ ಎತ್ತುತ್ತಿದ್ದವಂತೆ. ಹೆಸರಿನ ಜೊತೆಗೆ ಗಂಟಲೂ ಬಂದಿದೆ ಎಂದು ಬೋರಕ್ಕ ಹೆಮ್ಮೆಯಿಂದ ಹೇಳುತ್ತಿದ್ದಳು. ಮಗುವಿನ ತಾಯಿ ಮಾಲಾಗೆ ಮಾತ್ರ ಈ ಗಂಟಲು ಮನೆಯೊಳಗೆ ಎಷ್ಟು ಮುದ್ದೋ ಹೋಟೆಲಿನಲ್ಲಿ ಅಷ್ಟೇ ಸಂಕಟ.

ಮಾಲಾ ಚಳ್ಳಕೆರೆಯ ಬಾಡಿಗೆ ಮನೆಯಲ್ಲಿ ಕೂತು ಬ್ಲೌಸ್ ಹೊಲಿಯುತ್ತಿದ್ದಳು. ಗಂಡ ಪ್ರದೀಪ್ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದ. ದಿನವಿಡೀ ಗಡಗಡ ಸದ್ದಿನ ಪಕ್ಕದಲ್ಲೇ ನಿಂತು ಬರುವ ಅವನಿಗೆ ಮಗಳ ದನಿ ಜೋರು ಎಂದು ಅನ್ನಿಸುತ್ತಲೇ ಇರಲಿಲ್ಲ. ಮಾಲಾ ಹೇಳಿದಾಗಲೆಲ್ಲ, ಹೌದಾ, ನಂಗೇನೂ ಕೇಳ್ಲಿಲ್ಲವಲ್ಲ ಎನ್ನುತ್ತಿದ್ದ.

ಮದುವೆಯಾದ ಹೊಸದರಲ್ಲಿ ಇಬ್ಬರೂ ಭಾನುವಾರ ಬೆಳಿಗ್ಗೆ ದೋಸೆ ತಿನ್ನಲು ಹೋಗುತ್ತಿದ್ದರು. ಮಾಲಾಗೆ ದೋಸೆಯೆಂದರೆ ಪ್ರಾಣ. ಮನೆಯಲ್ಲಿ ತಾನೇ ಹುಯ್ದು, ತಾನೇ ಮಗುಚಿ, ಎಲ್ಲರಿಗೂ ಬಡಿಸಿ ಕೊನೆಗೆ ತಿನ್ನುವ ದೋಸೆಯಲ್ಲ. ಯಾರೋ ಮಾಡಿ, ಯಾರೋ ತಂದು ಮುಂದಿಟ್ಟು, ಅಂಚಿನಲ್ಲಿ ಇನ್ನೂ ಚುರುಗುಡುತ್ತಿರುವ ದೋಸೆ. ಚಿನ್ನಕ್ಕ ಹುಟ್ಟಿದ ಮೇಲೆ ಆ ಸುಖ ತಪ್ಪಿತು. ಒಬ್ಬರು ತಿನ್ನುವಾಗ ಇನ್ನೊಬ್ಬರು ರಸ್ತೆಯಲ್ಲಿ ನಿಂತು ಮಗುವಿಗೆ ಬಸ್ಸು, ಆಟೋ, ನಾಯಿ ತೋರಿಸಬೇಕಿತ್ತು. ಮಾಲಾಳ ಸರದಿ ಬರುವಷ್ಟರಲ್ಲಿ ದೋಸೆ ತಣ್ಣಗಾಗಿ ಚಪ್ಪಲಿಯ ಅಟ್ಟೆಯಂತಾಗಿರುತ್ತಿತ್ತು. ಕೈಗೆ ಮೊಬೈಲ್ ಕೊಟ್ಟು ನೋಡಿದರು. ಮಗು ಮೊಬೈಲಿನೊಳಗಿನ ಆನೆ, ಮಂಗಗಳ ಜೊತೆ ಇನ್ನೂ ಜೋರಾಗಿ ಮಾತಿಗೆ ನಿಂತಿತು.

ಹೋಟೆಲಿನಲ್ಲಿ ಬಾಯಿಬಿಟ್ಟು ಬೈದವರು ಕಡಿಮೆ. ಹೆಚ್ಚಿನವರು ತಿರುಗಿ ನೋಡುತ್ತಿದ್ದರು, ಅಷ್ಟೆ. ಮೊದಲು ಮಗುವಿನ ಕಡೆ, ಆಮೇಲೆ ತಾಯಿಯ ಕಡೆ. ತಂದೆಯ ಕಡೆ ಯಾರೂ ನೋಡುವುದಿಲ್ಲ ಎಂಬುದನ್ನು ಮಾಲಾ ಬೇಗನೆ ಗಮನಿಸಿದಳು. ಒಮ್ಮೆ ಒಬ್ಬ ಹೆಂಗಸು, ಮಕ್ಕಳನ್ನ ಬೆಳೆಸೋದು ಗೊತ್ತಿಲ್ಲದವರು ಯಾಕೆ ಹೊರಗೆ ಬರ್ತಾರೋ ಎಂದು ತನ್ನ ಗಂಡನಿಗೆ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಆ ದಿನ ಮಾಲಾ ಅರ್ಧ ತಿಂದು ಎದ್ದು ಬಂದಿದ್ದಳು. ಮನೆಗೆ ಬಂದ ಮೇಲೆ ಆ ಹೆಂಗಸಿಗೆ ಕೊಡಬಹುದಾಗಿದ್ದ ಉತ್ತರಗಳು ಒಂದರ ಹಿಂದೆ ಒಂದು ನೆನಪಾದವು.

ಮಾಲಾಳ ತವರು ದೇವಸಮುದ್ರ. ಅಲ್ಲಿಗೆ ಹೋಗುವಾಗ ಮೊಳಕಾಲ್ಮೂರಿನಲ್ಲಿ ಬಸ್ಸು ಬದಲಿಸಬೇಕು. ಬಸ್ ನಿಲ್ದಾಣದ ಪಕ್ಕದಲ್ಲಿ ಯರ್ರಮ್ಮ ಎಂಬ ಮುದುಕಿಯ ಇಡ್ಲಿ ಅಂಗಡಿ ಇತ್ತು. ಅಲ್ಲಿ ಚಿನ್ನಕ್ಕ ಕಿರುಚಿದರೆ ಯರ್ರಮ್ಮ ಅವಳನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿ, “ಗಟ್ಟಿಗಾ ಅರುವು ತಲ್ಲೀ” ಎನ್ನುತ್ತಿದ್ದಳು. ಇನ್ನೂ ಜೋರಾಗಿ ಕೂಗು ತಾಯಿ ಎಂದು ತೆಲುಗಿನಲ್ಲಿ ಹುರಿದುಂಬಿಸುವ ಆ ಮುದುಕಿಯ ಮುಂದೆ ಮಾಲಾ ಎರಡು ಇಡ್ಲಿ ಹೆಚ್ಚಾಗಿಯೇ ತಿನ್ನುತ್ತಿದ್ದಳು. ಚಳ್ಳಕೆರೆಯಲ್ಲಿ ಇಂಥದ್ದೊಂದು ಜಾಗ ಯಾಕಿಲ್ಲ ಎಂದು ಒಮ್ಮೆ ಗಂಡನನ್ನು ಕೇಳಿದಳು. ಅಲ್ಲಿ ಕಂಡಕ್ಟರುಗಳೇ ಚಿನ್ನಕ್ಕನಿಗಿಂತ ಜೋರಾಗಿ ಕೂಗುತ್ತಿರುವಾಗ ಯಾರು ಯಾರನ್ನು ಆಕ್ಷೇಪಿಸುತ್ತಾರೆ ಎಂದು ಪ್ರದೀಪ್ ನಕ್ಕ.

ಆ ವರ್ಷ ಅವರ ಮದುವೆಯ ದಿನ ಭಾನುವಾರವೇ ಬಂತು. ವಾರದ ಮೊದಲೇ ಪ್ರದೀಪ್ ಏನು ಕೊಡಿಸಲಿ ಎಂದು ಕೇಳಿದ್ದ. ಮೊಳಕಾಲ್ಮೂರು ರೇಷ್ಮೆ ಸೀರೆ ಎಂದಾಳು ಎಂದುಕೊಂಡು ಒಳಗೊಳಗೇ ಸ್ವಲ್ಪ ಹೆದರಿದ್ದ ಕೂಡ.

“ಸೀರೆ ಬ್ಯಾಡ. ನಾವಿಬ್ರೂ ಎದುರೆದುರು ಕೂತು ಬಿಸಿಬಿಸಿ ದೋಸೆ ತಿನ್ಬೇಕು. ಅಷ್ಟು ಮಾಡ್ಸಿ ಸಾಕು” ಎಂದಳು ಮಾಲಾ.

ಬೋರಕ್ಕ ಮಗುವನ್ನು ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡಿದ್ದಳು. ಆದರೆ ಶನಿವಾರ ಸಂಜೆ ತಳಕಿನಿಂದ ಫೋನ್ ಬಂತು, ತಂಗಿಯ ಮೊಮ್ಮಗನಿಗೆ ನಾಮಕರಣವಂತೆ, ಹೋಗದಿದ್ದರೆ ಜನ್ಮಕ್ಕೂ ಮಾತು ಬರುತ್ತದೆ. ಬೋರಕ್ಕ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟುಹೋದಳು. ಇನ್ನು ಮುಂದಕ್ಕೆ ಹಾಕುವುದು ಬೇಡ, ಆದದ್ದಾಗಲಿ ಎಂದು ಮೂವರೂ ಹೊರಟರು.

ಹೋದದ್ದು ಪಾವಗಡ ರಸ್ತೆಯ ಅಮರೇಶನ ಹೋಟೆಲಿಗೆ. ಅಪ್ಪನ ಕಾಲದಲ್ಲಿ ಕಡಪ ಕಲ್ಲಿನ ಮೇಜು, ಮರದ ಬೆಂಚು ಇದ್ದ ಹೋಟೆಲನ್ನು ಅಮರೇಶ ಹೋದ ವರ್ಷವಷ್ಟೇ ಹೊಸದು ಮಾಡಿದ್ದ. ಹಳದಿ ದೀಪಗಳು, ಮೆತ್ತನೆಯ ಕುರ್ಚಿಗಳು, ಗೋಡೆಗೆ ಗಾಜು ಬಂದಿದ್ದವು. ಹಳೆಯದರಲ್ಲಿ ಉಳಿದದ್ದು ಎರಡೇ: ಅಡುಗೆ ಮನೆಗೂ ಗಿರಾಕಿಗಳು ಕೂರುವ ಹಾಲಿಗೂ ನಡುವಿನ ಕಿಂಡಿ, ಮತ್ತು ಆ ಕಿಂಡಿಯ ಮುಂದೆ ನಿಂತು ಕೂಗುವ ಸಪ್ಲೈಯರ್ ಪಾಲಾಕ್ಷ. ಗಿರಾಕಿಗಳು ಹೇಳಿದ್ದು ಅಡುಗೆ ಮನೆಯಲ್ಲಿ ತಾನಾಗಿಯೇ ಮೂಡುವಂಥ ಟಿವಿಯೊಂದನ್ನು ಹಾಕಿಸಬೇಕೆಂದು ಅಮರೇಶನಿಗೆ ಆಸೆಯಿತ್ತು. ದೋಸೆ ಮಾಡುವ ಕೊಟ್ಟೂರಪ್ಪ ಒಪ್ಪಲಿಲ್ಲ. ಹಿಟ್ಟಿನ ಕೈಯಲ್ಲಿ ಕಾವಲಿ ನೋಡಲೋ, ಟಿವಿ ನೋಡಲೋ ಎಂದು ಕೇಳಿದ.

ಬಾಗಿಲಲ್ಲಿ ಒಂದು ಹೊಸ ಫಲಕವಿತ್ತು. ಮಕ್ಕಳು ಗಲಾಟೆ ಮಾಡದಂತೆ ದಯವಿಟ್ಟು ನೋಡಿಕೊಳ್ಳಿ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಹೋಟೆಲಿನ ಬಗ್ಗೆ ಯಾರೋ ಮೊಬೈಲಿನಲ್ಲಿ, ರುಚಿ ಚೆನ್ನಾಗಿದೆ, ಮಕ್ಕಳ ಗದ್ದಲದಲ್ಲಿ ಕೂರಲಾಗುವುದಿಲ್ಲ ಎಂದು ಬರೆದು ಒಂದೇ ನಕ್ಷತ್ರ ಕೊಟ್ಟಿದ್ದರು. ಅದನ್ನು ಓದಿ ಅಮರೇಶನಿಗೆ ಊಟ ಸೇರಿರಲಿಲ್ಲ. ಮಾಲಾ ಫಲಕ ನೋಡಿ ಅಲ್ಲೇ ನಿಂತಳು. ಅದು ಎಲ್ಲರಿಗೂ ಹಾಕಿರುವುದು, ನಮಗೊಬ್ಬರಿಗೇ ಅಲ್ಲ ಎಂದು ಪ್ರದೀಪ್ ಮೆಲ್ಲಗೆ ಅವಳ ಬೆನ್ನು ತಳ್ಳಿದ.

ಒಳಗೆ ಹಾಲ್ ಜನರಿಂದ ತುಂಬಿತ್ತು. ಕಿಂಡಿಗೆ ಹತ್ತಿರದಲ್ಲಿ ಒಂದೇ ಮೇಜು ಖಾಲಿ. ಕೂತರು. ಪಾಲಾಕ್ಷ ಬಂದು ಕೇಳಿದ, ತಮಗೆ ಎರಡು ಮಸಾಲೆ ದೋಸೆ, ಮಗುವಿಗೆ ಪಲ್ಯವಿಲ್ಲದ ಒಂದು ಖಾಲಿ ದೋಸೆ ಹೇಳಿದರು. ಅವನು ಕಿಂಡಿಯ ಕಡೆ ತಿರುಗಿ, ಕುತ್ತಿಗೆ ಸ್ವಲ್ಪ ಮೇಲೆತ್ತಿ, ತೆಳುವಾದ, ಎಳೆದ ದನಿಯಲ್ಲಿ ಕೂಗಿದ:

“ಎಲ್ಡ್ ಮಸಾಲೇ... ಒಂದ್ ಖಾಲೀ...”

ಒಳಗಿನಿಂದ ಕಾವಲಿಗೆ ಸಟ್ಟುಗದಿಂದ ಒಂದು ಏಟು ಬಿತ್ತು. ಕೇಳಿಸಿತು ಎಂದರ್ಥ.

ಚಿನ್ನಕ್ಕನ ಬಾಯಿ ಹಾಗೇ ತೆರೆದುಕೊಂಡಿತು. ದೊಡ್ಡವರೊಬ್ಬರು ಎಲ್ಲರ ಮುಂದೆ ಇಷ್ಟು ಜೋರಾಗಿ ಕೂಗುವುದು, ಯಾರೂ ಅವರನ್ನು ಸುಮ್ಮನಿರು ಎನ್ನದಿರುವುದು, ಮೇಲಾಗಿ ಒಳಗಿನಿಂದ ಉತ್ತರವೂ ಬರುವುದು ಅವಳು ಕಂಡು ಕೇಳರಿಯದ ಸಂಗತಿ. ಪಾಲಾಕ್ಷ ಹೋದ ಕಡೆಯೆಲ್ಲ ಅವಳ ಕಣ್ಣೂ ಹೋಯಿತು. ಅವನು ಕೂಗಿದಾಗಲೆಲ್ಲ ಅವಳ ತುಟಿ ಅಲುಗುತ್ತಿತ್ತು. ಸದ್ದು ಮಾತ್ರ ಇಲ್ಲ. ಮಾಲಾ ಗಂಡನ ಮುಖ ನೋಡಿದಳು, ಅವನು ಅವಳ ಮುಖ ನೋಡಿದ. ಇಬ್ಬರೂ ಉಸಿರು ಬಿಗಿಹಿಡಿದು ಕೂತರು.

ದೋಸೆ ಬಂತು. ಹೊಗೆಯಾಡುತ್ತಿತ್ತು. ಮೇಲೆ ಇಟ್ಟ ಬೆಣ್ಣೆ ಇನ್ನೂ ಕರಗುತ್ತಿತ್ತು. ಮಾಲಾ ಅಂಚಿನಿಂದ ಒಂದು ಚೂರು ಮುರಿದು ಚಟ್ನಿಗೆ ಅದ್ದಿದಳು. ಅದೇ ಹೊತ್ತಿಗೆ ಹೊರಗೆ ಬಸ್ಸೊಂದು ನಿಂತು, ಡ್ರೈವರ್ ಪಾರ್ಸೆಲ್ ಕೇಳಿದನೆಂದು ಪಾಲಾಕ್ಷ ಪೊಟ್ಟಣ ಹಿಡಿದು ಓಡಿದ. ಕಿಂಡಿಯ ಮುಂದೆ ಜಾಗ ಖಾಲಿಯಾಯಿತು. ಚಿನ್ನಕ್ಕ ಕುರ್ಚಿಯಿಂದ ಜಾರಿ, ಮೇಜಿನ ಕೆಳಗೆ ನುಸುಳಿ, ಸೀದಾ ಅಲ್ಲಿಗೆ ಹೋಗಿ ನಿಂತಳು. ಕುತ್ತಿಗೆ ಮೇಲೆತ್ತಿದಳು.

“ಎಲ್ಡ್ ಮಸಾಲೇ... ಒಂದ್ ಖಾಲೀ...”

ರಾಗ, ಎಳೆತ, ಕೊನೆಗೆ ದನಿ ಏರಿಸುವುದು ಎಲ್ಲವೂ ಪಾಲಾಕ್ಷನದೇ. ಒಳಗಿನಿಂದ ಸಟ್ಟುಗದ ಏಟು ಬಿತ್ತು. ತನಗೂ ಉತ್ತರ ಬಂದದ್ದು ಕೇಳಿ ಮಗು ಖುಷಿಯಿಂದ ಒಮ್ಮೆ ಕುಣಿಯಿತು. ಮತ್ತೆ ಕೂಗಿತು. ಮತ್ತೆ ಏಟು ಬಿತ್ತು. ಅವಳಿಗೆ ಬೇರೆ ಲೆಕ್ಕ ಬರುತ್ತಿರಲಿಲ್ಲ, ಬೇರೆ ತಿಂಡಿಯ ಹೆಸರೂ ಗೊತ್ತಿರಲಿಲ್ಲ. ಹಾಗಾಗಿ ಅದನ್ನೇ ಕೂಗಿದಳು, ಸಟ್ಟುಗ ಉತ್ತರ ಕೊಟ್ಟಷ್ಟು ಸಲವೂ ಕೂಗಿದಳು.

ಕಿಂಡಿ ಅವಳ ತಲೆಗಿಂತ ಬಹಳ ಎತ್ತರದಲ್ಲಿತ್ತು. ಒಳಗೆ ಒಲೆಯ ಹತ್ತಿರ ಹೊಗೆ ಎಳೆಯುವ ಫ್ಯಾನು ಭೋರೆನ್ನುತ್ತಿತ್ತು. ಕೊಟ್ಟೂರಪ್ಪನಿಗೆ ಮುಖ ಕಾಣಲಿಲ್ಲ, ದನಿ ಮಾತ್ರ ಕೇಳಿತು. ಯಾವುದೋ ಮದುವೆ ಬಸ್ಸಿನವರು ಬಂದಿಳಿದಿರಬೇಕು ಎಂದುಕೊಂಡು ಅವನು ಕಾವಲಿಯಲ್ಲಿ ಜಾಗವಿದ್ದಷ್ಟೂ ದೋಸೆ ಹುಯ್ದ.

ಹಾಲಿನಲ್ಲಿ ಕೆಲವರು ನಗುತ್ತಿದ್ದರು. ಮೂಲೆಯ ಮೇಜಿನಲ್ಲಿ ಪೇಪರ್ ಓದುತ್ತಿದ್ದ ಜಂಬುಲಿಂಗಪ್ಪ ನಗಲಿಲ್ಲ. ಮಾರುಕಟ್ಟೆಯಲ್ಲಿ ಶೇಂಗಾ ವ್ಯಾಪಾರ ಮಾಡುವ, ಎಪ್ಪತ್ತರ ಆಸುಪಾಸಿನ ಯಜಮಾನರು ಅವರು. ಅಮರೇಶನ ಅಪ್ಪನ ಕಾಲದಿಂದಲೂ ಅದೇ ಮೂಲೆಯಲ್ಲಿ ಕೂರುತ್ತಿದ್ದವರು. ಪೇಪರ್ ಮಡಚಿ, ಅಮರೇಶನನ್ನು ಕೈ ಸನ್ನೆಯಲ್ಲಿ ಕರೆದು, ಮಾತಾಡದೆ ಬಾಗಿಲ ಫಲಕದ ಕಡೆ ಬೆರಳು ತೋರಿಸಿದರು.

ಅಮರೇಶ ಮಾಲಾಳ ಮೇಜಿಗೆ ಬಂದ. ಒರಟಾಗಿ ಮಾತಾಡುವವನಲ್ಲ. ಹೊರಗಡೆ ನಿಂತು ತಿನ್ನುವ ಜಾಗದಲ್ಲಿ ಎರಡು ಕುರ್ಚಿ ಹಾಕಿಸಿಕೊಡುತ್ತೇನೆ, ಮಗುವಿಗೂ ಗಾಳಿ ಬರುತ್ತದೆ ಎಂದು ಮೆಲುದನಿಯಲ್ಲಿ ಹೇಳಿದ. ಮೆಲುದನಿಯಲ್ಲಿ ಹೇಳಿದ್ದರಿಂದಲೇ ಮಾಲಾಗೆ ಹೆಚ್ಚು ನಾಚಿಕೆಯಾಯಿತು. ಚಟ್ನಿಗೆ ಅದ್ದಿದ ಚೂರು ಕೈಯಲ್ಲೇ ಇತ್ತು. ಅದನ್ನು ತಟ್ಟೆಗೆ ಹಾಕಿ, ಮಗುವನ್ನು ಹಿಡಿದು ತರಲು ಎದ್ದಳು.

ಅಷ್ಟರಲ್ಲಿ ಕಿಂಡಿಯಲ್ಲಿ ತಟ್ಟೆಗಳು ಬರತೊಡಗಿದವು. ಒಂದರ ಪಕ್ಕ ಒಂದು, ಜಾಗ ಸಾಲದೆ ಒಂದರ ಅಂಚಿನ ಮೇಲೆ ಇನ್ನೊಂದು. ಹೊರಗಿನಿಂದ ಪಾಲಾಕ್ಷ ಒಳಗೆ ಬಂದ.

“ಲೇ ಪಾಲಾಕ್ಷ, ಒಂದೇ ಸಮ ಕೂಗಿ ಎಲ್ಲಿಗೋದೆ? ತಗಂಡು ಹೋಗು ಇವನ್ನ” ಎಂದ ಕೊಟ್ಟೂರಪ್ಪ ಒಳಗಿನಿಂದ.

“ನಾನೆಲ್ಲಿ ಕೂಗಿದೆ? ಬಸ್ಸಿನ ಹತ್ರ ಇದ್ದೆ ನಾನು.”

“ನಿನ್ನ ಗಂಟ್ಲು ನಂಗೆ ಗೊತ್ತಿಲ್ವೇನ್ಲೇ?”

ಆಗ ಕಿಂಡಿಯ ಕೆಳಗಿನಿಂದ ಮತ್ತೊಮ್ಮೆ ಬಂತು, ಎಲ್ಡ್ ಮಸಾಲೆ, ಒಂದ್ ಖಾಲಿ. ಕೊಟ್ಟೂರಪ್ಪ ಕಿಂಡಿಯಿಂದ ತಲೆ ಹೊರಹಾಕಿ ಕೆಳಗೆ ನೋಡಿದ. ಚಿನ್ನಕ್ಕ ಮೇಲೆ ನೋಡಿದಳು. ಬೆವರಿದ ಆ ದೊಡ್ಡ ಮುಖ, ಹಿಟ್ಟು ಮೆತ್ತಿದ ಮೀಸೆ ಕಂಡು ಅವಳು ಹೆದರಲಿಲ್ಲ. ಇಷ್ಟು ಹೊತ್ತು ತನಗೆ ಉತ್ತರ ಕೊಟ್ಟವನು ಇವನೇ ಎಂದು ಗೊತ್ತಾಗಿ ಅವನಿಗೆ ಕೈ ಬೀಸಿದಳು.

ಹೋಟೆಲಿಗೆ ಹೋಟೆಲೇ ನಕ್ಕಿತು. ಪಾಲಾಕ್ಷನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವನೂ ಗೋಡೆಗೆ ಒರಗಿ ನಕ್ಕ. ಅಮರೇಶನ ಮುಖದಲ್ಲಿ ಮಾತ್ರ ನಗುವಿರಲಿಲ್ಲ. ಅವನು ಕಿಂಡಿಯಲ್ಲಿ ಸಾಲಾಗಿ ನಿಂತ ದೋಸೆಗಳನ್ನೇ ನೋಡುತ್ತಿದ್ದ. ಮಾಲಾ ಓಡಿ ಬಂದು ಮಗಳನ್ನು ಎತ್ತಿಕೊಂಡಳು. ಅವಳ ಕಿವಿ ಕೆಂಪಾಗಿತ್ತು. ತಪ್ಪಾಯಿತು, ಎಲ್ಲವನ್ನೂ ಕಟ್ಟಿಕೊಡಿ, ಮನೆಗೆ ಒಯ್ಯುತ್ತೇವೆ ಎಂದಳು. ಅಷ್ಟು ದೋಸೆ ತಿನ್ನಲು ಬೀದಿಯವರನ್ನೆಲ್ಲ ಕರೆಯಬೇಕು ಎಂದು ಹಿಂದೆಯೇ ಬಂದ ಪ್ರದೀಪನಿಗೆ ಅನ್ನಿಸಿತು. ಆದರೂ ಹೂಂ ಎಂದು ತಲೆಯಾಡಿಸಿದ.

ಮೂಲೆಯಿಂದ ಜಂಬುಲಿಂಗಪ್ಪನವರ ದನಿ ಬಂತು.

“ಅಮರೇಶ, ಅದ್ರಲ್ಲಿ ನಂದು ಯಾವ್ದಪ್ಪ?”

ಎಲ್ಲರೂ ಆ ಕಡೆ ತಿರುಗಿದರು. ಅವರು ಬಂದು ಕೂತು ಬಹಳ ಹೊತ್ತಾಗಿತ್ತು. ಮಸಾಲೆ ಹೇಳಿದ್ದರು. ಪಾಲಾಕ್ಷ ಗಡಿಬಿಡಿಯಲ್ಲಿ ಅದನ್ನು ಕೂಗಲು ಮರೆತೇಬಿಟ್ಟಿದ್ದ. ಪೇಪರಿನ ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿ, ಹಸಿವು ನೆತ್ತಿಗೇರಿ ಅವರು ಕೂತಿದ್ದರು. ಪಾಲಾಕ್ಷ ನಾಲಗೆ ಕಚ್ಚಿಕೊಂಡು ಮೊದಲ ತಟ್ಟೆಯನ್ನು ಅವರ ಮುಂದಿಟ್ಟ. ಪಕ್ಕದ ಮೇಜಿನವರು, ನಮ್ಮದೂ ಇನ್ನೂ ಬಂದಿಲ್ಲ ಎಂದರು. ಗೋಡೆ ಪಕ್ಕದವರು, ಸೆಟ್ ಹೇಳಿದ್ದೆವು, ಪರವಾಗಿಲ್ಲ, ಮಸಾಲೆಯೇ ಕೊಡಿ ಎಂದರು. ಕುರ್ಚಿ ಖಾಲಿಯಾಗಲೆಂದು ಬಾಗಿಲಲ್ಲಿ ಕಾಯುತ್ತಿದ್ದ ಒಂದು ಗುಂಪು, ನಿಂತೇ ತಿನ್ನುತ್ತೇವೆ ಎಂದು ಕೈ ಚಾಚಿತು. ನೋಡನೋಡುತ್ತಿದ್ದಂತೆ ಕಿಂಡಿ ಬರಿದಾಯಿತು. ಕೊನೆಗೆ ಒಂದು ಖಾಲಿ ದೋಸೆಗೆ ಇಬ್ಬರು ಗಿರಾಕಿಗಳ ನಡುವೆ ಸಣ್ಣ ಜಗಳವೇ ಆಗುವುದರಲ್ಲಿತ್ತು. ಅಮರೇಶನ ಮುಖ ಸಡಿಲವಾಯಿತು. ಆ ಭಾನುವಾರ ಯಾರೂ ಕಾಯದೆ ಹೋಟೆಲು ನಡೆದದ್ದು ಅದೊಂದು ಗಳಿಗೆ ಮಾತ್ರ ಎಂದು ಅವನೇ ಆಮೇಲೆ ಒಪ್ಪಿಕೊಂಡ.

ಜಂಬುಲಿಂಗಪ್ಪ ಅರ್ಧ ದೋಸೆ ಮುಗಿಸಿ, ನೀರು ಕುಡಿದು, ಮಾಲಾಳನ್ನು ಹತ್ತಿರ ಕರೆದರು. ಈಗ ಬೈಗುಳ ಬರುತ್ತದೆ ಎಂದುಕೊಂಡೇ ಅವಳು ಹೋದಳು. ಕಂಕುಳಲ್ಲಿದ್ದ ಚಿನ್ನಕ್ಕ ಇನ್ನೂ ಕಿಂಡಿಯ ಕಡೆಗೇ ಕತ್ತು ತಿರುಗಿಸಿಕೊಂಡಿದ್ದಳು.

“ನೋಡವ್ವಾ, ನಾನು ಮಕ್ಳ ದ್ವೇಷಿ ಅಲ್ಲ” ಎಂದರು ಅವರು. “ಮನೇಲಿ ಮೂರು ಮೊಮ್ಮಕ್ಳು ಅದಾವೆ. ಹಾಸಿಗೆ ಬಿಟ್ಟಾಗಿಂದ ಮಲಗೋ ತನಕ ಒಂದೇ ಸಮ ರಂಪ. ಇಲ್ಲಿಗೆ ಬರೋದು ದೋಸೆಗಲ್ಲ, ಅರ್ಧ ಗಂಟೆ ಕಿವಿಗೆ ರಜಾ ಕೊಡೋಕೆ. ಇಲ್ಲೂ ಅದೇ ಆದ್ರೆ ನಾನೆಲ್ಲಿಗೆ ಹೋಗ್ಲಿ?”

ಮಾಲಾ ಏನೋ ಹೇಳಲು ಹೋದಳು, ಬದಲಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಯಜಮಾನರು ಹುಬ್ಬು ಗಂಟಿಕ್ಕಿದರು.

“ನಾನೂ ಅದಕ್ಕೇ ಬಂದೋಳು ಯಜಮಾನ್ರೆ” ಎಂದಳು. “ನಿಮ್ಗೆ ಮೂರು ಮೊಮ್ಮಕ್ಳು. ನಂಗೆ ಒಂದೇ, ಆದ್ರೆ ಮೂರರಷ್ಟು. ಅರ್ಧ ಗಂಟೆ ಸಿಕ್ರೆ ಸಾಕು ಅಂತ ಮೂರು ವರ್ಷದಿಂದ ಕಾಯ್ತಾ ಇದೀನಿ.”

ಜಂಬುಲಿಂಗಪ್ಪ ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ಪಾಲಾಕ್ಷನಿಗೆ, ಈ ಮಗೂನ ತಾಯಿಗೆ ಒಂದು ಬಿಸಿ ದೋಸೆ ಕೊಡ್ರಪ್ಪ ಎಂದರು. ಕೊಟ್ಟೂರಪ್ಪ ಹುಯ್ದ, ದೋಸೆ ಬಂತು, ಹೊಗೆಯಾಡುತ್ತಲೇ ಇತ್ತು. ಆದರೆ ಅಷ್ಟು ಹೊತ್ತಿಗೆ ಚಿನ್ನಕ್ಕ ಕಾಲು ಒತ್ತಿ ಹಿಡಿದುಕೊಂಡು, ಅವ್ವಾ ಅರ್ಜೆಂಟು ಎಂದು ಇಡೀ ಹಾಲಿಗೆ ಸಾರಿದಳು. ಮಾಲಾ ಮಗುವನ್ನೆತ್ತಿಕೊಂಡು ಓಡಿದಳು. ಅವಳು ಮರಳಿ ಬರುವಷ್ಟರಲ್ಲಿ ಬೆಣ್ಣೆ ಗಟ್ಟಿಯಾಗಿತ್ತು. ಮದುವೆಯ ದಿನದ ದೋಸೆಯನ್ನೂ ಅವಳು ತಣ್ಣಗೇ ತಿಂದಳು. ಮನೆಗೆ ನಡೆದು ಹೋಗುವಾಗ ಪ್ರದೀಪ್ ಕಿಂಡಿಯಲ್ಲಿ ತಲೆ ಹಾಕಿದ ಕೊಟ್ಟೂರಪ್ಪನ ಮುಖವನ್ನು ಮಾಡಿ ತೋರಿಸಿದ. ಅವಳಿಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವಂತಾಯಿತು. ಯಾಕೋ ಅವತ್ತು ಬೇಸರವೇ ಆಗಲಿಲ್ಲ.

ಮನೆಯಲ್ಲಿ ಆ ವಾರವೆಲ್ಲ ಹೋಟೆಲಿನದೇ ಆಟ. ತಳಕಿನಿಂದ ಬಂದ ಬೋರಕ್ಕ ನಡೆದದ್ದನ್ನು ಕೇಳಿ, ನಾನಿದ್ದಿದ್ದರೆ ಇನ್ನೂ ಎರಡು ಸಲ ಕೂಗಿಸುತ್ತಿದ್ದೆ ಎಂದಳು. ಅತ್ತ ಹೋಟೆಲಿನಲ್ಲಿ ಕೊಟ್ಟೂರಪ್ಪ ಹೊಸ ಪದ್ಧತಿ ಶುರುಮಾಡಿದ್ದ. ಹಿಟ್ಟು ಹುಯ್ಯುವ ಮೊದಲು ಕಿಂಡಿಯಿಂದ ಇಣುಕಿ ಕೂಗಿದವರ ಮುಖ ನೋಡುತ್ತಿದ್ದ. ಪ್ರತಿ ಸಲವೂ ಅವನು ಹಾಗೆ ಮುಖ ನೋಡುವುದು ಪಾಲಾಕ್ಷನಿಗೆ ಅವಮಾನವೆನಿಸಿ ಇಬ್ಬರಿಗೂ ಎರಡು ದಿನ ಮಾತು ಬಿಟ್ಟುಹೋಗಿತ್ತು.

ಮಾಲಾ ಇನ್ನೊಂದು ದಾರಿ ಯೋಚಿಸಿದಳು. ಜನ ತುಂಬಿದ ಹೊತ್ತಿಗೆ ಹೋಗಿ ಎಲ್ಲರ ಕಣ್ಣಿಗೂ ಗುರಿಯಾಗುವ ಬದಲು, ಯಾರೂ ಇಲ್ಲದ ಹೊತ್ತಿಗೆ ಹೋದರೆ? ಬ್ಲೌಸಿಗೆ ಗುಂಡಿ ತರಲು ಪೇಟೆಗೆ ಹೋದಾಗ ಅಮರೇಶನನ್ನೇ ಕೇಳಿದಳು. ಅವನಿಗೆ ಆ ದಿನದ ಬಗ್ಗೆ ಒಳಗೊಳಗೇ ಮುಜುಗರವಿತ್ತು. ಮಧ್ಯಾಹ್ನದ ಊಟ ಮುಗಿದು ಸಂಜೆಯ ಬೋಂಡಾ ಶುರುವಾಗುವ ನಡುವೆ ಹೋಟೆಲು ಖಾಲಿ ಹೊಡೆಯುತ್ತಿರುತ್ತದೆ, ಆಗ ಬನ್ನಿ, ಕೊಟ್ಟೂರಪ್ಪನಿಗೆ ಹೇಳಿ ಒಲೆ ಹಚ್ಚಿಸುತ್ತೇನೆ ಎಂದ. ಮುಂದಿನ ಗುರುವಾರ ಲೈನ್ ರಿಪೇರಿಗೆಂದು ಕರೆಂಟು ತೆಗೆಯುವವರಿದ್ದರು, ಮಿಲ್ಲಿಗೆ ರಜೆ. ಅದೇ ದಿನ ಎಂದು ನಿಶ್ಚಯವಾಯಿತು.

ಗುರುವಾರ ಹೋದಾಗ ಹಾಲ್ ನಿಜಕ್ಕೂ ಖಾಲಿಯಿತ್ತು. ಪಾಲಾಕ್ಷ ಗೋಡೆ ಪಕ್ಕ ಕುರ್ಚಿಗಳನ್ನು ಜೋಡಿಸಿ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದ. ದೀಪವಿಲ್ಲ, ಬಾಗಿಲಿನ ಬಿಸಿಲು ಅರ್ಧ ಹಾಲಿನವರೆಗೆ ಚಾಚಿತ್ತು. ಕೊಟ್ಟೂರಪ್ಪ ದೋಸೆ ಹುಯ್ದು ಕೊಟ್ಟು, ಸಂಜೆಯ ಪಲ್ಯಕ್ಕೆ ಬೇಯಿಸಿಟ್ಟ ಆಲೂಗಡ್ಡೆ ಸುಲಿಯಲು ಕೂತ. ಚಿನ್ನಕ್ಕ ಅವನ ಹಿಂದೆಯೇ ಹೋದಳು. ಒಲೆಯಿಂದ ದೂರ, ಹಿಂಬಾಗಿಲ ಹತ್ತಿರ ಒಂದು ಹಲಗೆ ಹಾಕಿ ಅವಳನ್ನು ಕೂರಿಸಿ, ತಣ್ಣಗಾದ ಆಲೂಗಡ್ಡೆಗಳನ್ನು ಮುಂದಿಟ್ಟ. ಮಗಳು ಸಿಪ್ಪೆ ಸುಲಿಯುತ್ತಾ ಅವನಿಗೆ ಕತೆ ಹೇಳಲು ಶುರುಮಾಡಿದ್ದು ಹೊರಗೆ ಚೆನ್ನಾಗಿಯೇ ಕೇಳುತ್ತಿತ್ತು.

ಮಾಲಾ ದೋಸೆ ಮುರಿದಳು. ನಾಲಗೆ ಸುಡುವಷ್ಟು ಬಿಸಿ. ಕಣ್ಣು ಮುಚ್ಚಿ ಅಗಿದಳು. ಎದುರಿಗೆ ಪ್ರದೀಪ್ ಅವಳನ್ನೇ ನೋಡುತ್ತಾ ಕೂತಿದ್ದ.

ಆಗ ಬಾಗಿಲಲ್ಲಿ ನೆರಳು ಬಿತ್ತು. ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು ಜಂಬುಲಿಂಗಪ್ಪ ನಿಂತಿದ್ದರು. ಅವರೂ ಆ ಭಾನುವಾರ ಆದ ಮೇಲೆ ಅಮರೇಶನನ್ನು, ನಿನ್ನ ಹೋಟೆಲ್ ಯಾವ ಹೊತ್ತಿಗೆ ನಿಶ್ಶಬ್ದವಾಗಿರುತ್ತದೆ ಎಂದು ಕೇಳಿದ್ದರು. ಅವರಿಗೂ ಅವನು ಇದೇ ಹೊತ್ತು ಹೇಳಿದ್ದ, ಹೇಳಿ ಮರೆತಿದ್ದ. ಗಲ್ಲೆಯ ಮೇಲೆ ಕೂತಿದ್ದ ಅಮರೇಶ ಈಗ ಅವರನ್ನೂ ಇವರನ್ನೂ ನೋಡಿ, ಏನೋ ಕೆಳಗೆ ಬಿದ್ದಿದೆ ಎಂಬಂತೆ ಬಗ್ಗಿಬಿಟ್ಟ.

ಮಾಲಾ ಅರ್ಧ ಎದ್ದಳು. ಯಜಮಾನರು ಕೂರು ಎಂದು ಕೈ ತೋರಿಸಿ, ದೂರದ ತಮ್ಮ ಮೂಲೆಗೆ ಹೋಗಿ ಕೂತು ಪೇಪರ್ ಬಿಡಿಸಿದರು. ಅಡುಗೆ ಮನೆಯಿಂದ ಚಿನ್ನಕ್ಕನ ಕತೆ ಬರುತ್ತಲೇ ಇತ್ತು. ಬೀದಿಯ ನಾಯಿಯೊಂದು ಎದುರುಮನೆಯವರ ಚಪ್ಪಲಿ ಕಚ್ಚಿಕೊಂಡು ಓಡಿದ ಕತೆ. ಓಡಿತು, ಚರಂಡಿ ಹಾರಿತು, ಆ ಅಂಕಲ್ ಒಂದೇ ಚಪ್ಪಲಿಯಲ್ಲಿ ಹಿಂದೆ ಓಡಿದರು, ನಾಯಿ ಆಟೋ ಕೆಳಗೆ ಹೋಯಿತು. ಅಲ್ಲಿಗೆ ದನಿ ನಿಂತುಬಿಟ್ಟಿತು. ಬಾಯಿಗೆ ಆಲೂಗಡ್ಡೆ ಹಾಕಿಕೊಂಡಿದ್ದಳು.

ಪೇಪರಿನ ಹಾಳೆ ಮಗುಚಲಿಲ್ಲ. ಕೊನೆಗೆ ಜಂಬುಲಿಂಗಪ್ಪ ಅದನ್ನು ಕೆಳಗಿಳಿಸಿದರು.

“ಆಮೇಲೆ ಚಪ್ಲಿ ಸಿಕ್ತೋ ಇಲ್ವೋ?” ಎಂದು ಕೂತಲ್ಲಿಂದಲೇ ಕೇಳಿದರು.

ಚಿನ್ನಕ್ಕ ಅಡುಗೆ ಮನೆಯ ಬಾಗಿಲಿಗೆ ಬಂದಳು. ಕೇಳಿದವರು ಯಾರು ಎಂದು ನೋಡಿದಳು. ಉತ್ತರ ದೊಡ್ಡದಿತ್ತು, ಅಲ್ಲಿಂದ ಹೇಳುವಂಥದ್ದಲ್ಲ ಎಂದು ತೋರಿತೇನೋ, ನಡೆದುಕೊಂಡು ಅವರ ಮೇಜಿಗೇ ಹೋಗಿ, ಕುರ್ಚಿ ಹತ್ತಿ ಕೂತಳು. ಕತೆಯನ್ನು ಮೊದಲಿನಿಂದ ಶುರುಮಾಡಿದಳು.

ಮಾಲಾ, ಪ್ರದೀಪ್ ಇಬ್ಬರೇ ಉಳಿದರು. ಎಷ್ಟೋ ದಿನದಿಂದ ಬಯಸಿದ್ದ ಗಳಿಗೆ ಇದು. ಆದರೆ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಮಗುವಿನ ಊಟ, ಮಗುವಿನ ನಿದ್ದೆ, ಮಗು ಏನು ಬೀಳಿಸಿತು ಎಂಬುದರ ಆಚೆ ಅವರು ಮಾತಾಡಿ ಎಷ್ಟು ಕಾಲವಾಗಿತ್ತೋ. ಚಟ್ನಿ ಹೆಂಗೈತೆ ಎಂದು ಪ್ರದೀಪ್ ಕೇಳಿದ. ಚೆನ್ನಾಗೈತೆ ಎಂದಳು. ಆಮೇಲೆ ಒಟ್ಟಿಗೇ ನಕ್ಕರು.

ಮಾತು ಹೇಗೋ ಶುರುವಾಯಿತು. ಮಿಲ್ಲಿನಲ್ಲಿ ಹೊಸದಾಗಿ ಬಂದ ಯಂತ್ರದ ಕೆಲಸ ಕಲಿಯಲು ತನ್ನನ್ನೇ ಆರಿಸಿದ್ದಾರೆ ಎಂದು ಅವನು ಹೇಳಿದ. ವಾರದ ಹಿಂದೆಯೇ ಗೊತ್ತಾಗಿತ್ತಂತೆ, ಹೇಳಲು ಹೊತ್ತೇ ಸಿಕ್ಕಿರಲಿಲ್ಲ. ಮಾಲಾ ತನ್ನ ಗೆಳತಿಯೊಬ್ಬಳ ಜೊತೆ ಸೇರಿ ರಸ್ತೆ ಬದಿಯಲ್ಲೊಂದು ಹೊಲಿಗೆ ಅಂಗಡಿ ಹಾಕುವ ಯೋಚನೆ ಇದೆ ಎಂದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಾಗ ತನ್ನ ದನಿ ಎಷ್ಟು ಏರಿದೆ ಎಂಬುದು, ಕುರ್ಚಿಗಳ ಮೇಲೆ ಮಲಗಿದ್ದ ಪಾಲಾಕ್ಷ ಟವೆಲ್ ಸರಿಸಿ ನೋಡಿದಾಗಲೇ ಅವಳಿಗೆ ಗೊತ್ತಾಯಿತು. ಅವಳು ತಗ್ಗಿಸಲಿಲ್ಲ. ಇನ್ನೊಂದು ದೋಸೆ ತರಿಸಿಕೊಂಡಳು, ಅದೂ ಬಿಸಿಯಾಗಿತ್ತು.

ಕಾಫಿ ಮುಗಿದು ಹೊರಡುವಾಗ ಚಿನ್ನಕ್ಕನನ್ನು ಕರೆಯಲು ಮೂಲೆಯ ಮೇಜಿಗೆ ಹೋದರು. ಪೇಪರು ಕೆಳಗೆ ಬಿದ್ದಿತ್ತು, ಅದರ ಮೇಲೆ ಆಲೂಗಡ್ಡೆಯ ಪುಡಿ. ಜಂಬುಲಿಂಗಪ್ಪನವರ ಕನ್ನಡಕ ಚಿನ್ನಕ್ಕನ ಮೂಗಿನ ಮೇಲಿತ್ತು. ಮಾಲಾ ಅದನ್ನು ತೆಗೆದು ಸೆರಗಿನಿಂದ ಒರೆಸಿ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಕೇಳಿದರು:

“ಮತ್ತೆ ಯಾವತ್ತು ಬರ್ತೀರವ್ವಾ?”

ಅಂದು ತಾವೂ ಬರಲೆಂದು ಕೇಳಿದರೋ, ಅಂದು ತಪ್ಪಿಸಿಕೊಳ್ಳಲೆಂದು ಕೇಳಿದರೋ ಮಾಲಾಗೆ ಅರ್ಥವಾಗಲಿಲ್ಲ. ಅದನ್ನೇ ಅವರನ್ನು ಕೇಳಿದಳು.

ಜಂಬುಲಿಂಗಪ್ಪ ಗಲ್ಲ ಕೆರೆದುಕೊಂಡರು. “ಅದನ್ನ ನಾನೂ ಯೋಚ್ನೆ ಮಾಡಿ ಹೇಳ್ಬೇಕು” ಎಂದು ನಕ್ಕರು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಮೊಳಕಾಲ್ಮೂರಿನ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹಾದುಹೋಯಿತು. ಪ್ರದೀಪ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ. ಮಾಲಾ ಕೈ ಬೀಸಿಕೊಂಡು ಪಕ್ಕದಲ್ಲಿ ನಡೆಯುತ್ತಾ, ಅಂಗಡಿಗೆ ಏನು ಹೆಸರಿಡುವುದು ಎಂದು ಕೇಳಿದಳು.